ಒಲ್ಲೆ ಎಂದ ಉಪದೇಶಿ

ಮೊನ್ನೆ ಮಳವಳ್ಳಿಯ ಪೇಟೆಬೀದಿಯ ಕಾಫಿ ಹೋಟೆಲಿನಲ್ಲಿ ನಮ್ಮ ಉಪದೇಶಿಗಳ ಮಾತು ಬಂತು. ಅವರು ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಊರಿನ ಒಬ್ಬ ದೊಡ್ಡ ಮನುಷ್ಯರು ಬೋಂಡ ಕಡಿಯುತ್ತಾ, "ಬಿಡಿ ಮೇಷ್ಟ್ರೆ, ಬರಗಾಲದಲ್ಲಿ ಒಂದು ಬೊಗಸೆ ಗಂಜಿಗೆ ಜಾತಿ ಬಿಟ್ಟ ಮನುಷ್ಯ" ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. "ಆ ಗಂಜಿ ಕುಡಿದಾಗ ಅವರಿಗೆ ಐದೋ ಆರೋ ವರ್ಷ ಸ್ವಾಮಿ. ಆ ವಯಸ್ಸಿನಲ್ಲಿ ತಾವು ಯಾವ ಶಾಸ್ತ್ರ ನೋಡಿ ಹಾಲು ಕುಡಿಯುತ್ತಿದ್ದಿರಿ?" ಎಂದೆ. ಅವರು ಮುಖ ಊದಿಸಿಕೊಂಡು ಎದ್ದು ಹೋದರು. ಹೋಗಲಿ. ಅವರಿಗೆ ಹೇಳಬೇಕಾದ್ದು ಇನ್ನೂ ಬಹಳ ಉಳಿದಿತ್ತು. ಅದನ್ನೆಲ್ಲ ಇಲ್ಲಿ ಬರೆದುಹಾಕುತ್ತಿದ್ದೇನೆ, ಬೇಕಾದರೆ ಓದಿಕೊಳ್ಳಲಿ.

ಉಪದೇಶಿ ಎಂದರೆ ಕ್ರೈಸ್ತರಲ್ಲಿ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನವರು. ಪಾದ್ರಿ ದೊರೆಗಳು ಪರದೇಶದಿಂದ ಬರುತ್ತಾರೆ, ಮೈಸೂರಿನಲ್ಲೋ ಮಂಡ್ಯದಲ್ಲೋ ಇರುತ್ತಾರೆ, ತಿಂಗಳಿಗೊಮ್ಮೆ ನಮ್ಮ ಊರಿಗೆ ಬಂದು ಪ್ರಸಂಗ ಮಾಡಿ ಹೋಗುತ್ತಾರೆ. ಮಿಕ್ಕ ದಿನಗಳಲ್ಲಿ ಸಭೆಯವರಿಗೆ ಓದಿ ಹೇಳುವುದು, ಜ್ವರ ಬಂದವರ ಮನೆಗೆ ಹೋಗುವುದು, ಸತ್ತವರನ್ನು ಹೂಳುವುದು, ಗಂಡ ಹೆಂಡಿರ ಜಗಳ ಬಿಡಿಸುವುದು ಎಲ್ಲ ಉಪದೇಶಿಗಳದೇ. ಜೊತೆಗೆ ಇನ್ನೊಂದು ಕೆಲಸ. ದೊರೆಗಳು ಇಂಗ್ಲಿಷಿನಲ್ಲಿ ಪ್ರಸಂಗ ಮಾಡುವಾಗ ಪಕ್ಕದಲ್ಲಿ ನಿಂತು ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಬೇಕು. ದೊರೆ ಒಂದು ಮಾತು, ಉಪದೇಶಿ ಒಂದು ಮಾತು. ನಮ್ಮವರು ಇದನ್ನು ಜುಗಲಬಂದಿ ಎಂದು ನಗುತ್ತಿದ್ದರು. ಆದರೆ ನಮ್ಮವರಿಗೆ ಕೇಳಿಸುತ್ತಿದ್ದುದು ಎರಡನೆಯ ಕಂಠ ಮಾತ್ರ. ಅದಂತೂ ಸಂತೆಯ ಆಚೆ ಕಡೆಗೂ ಕೇಳುವ ಕಂಠ.

ಅವರ ಹೆಸರು ಬರೆಯುವುದಿಲ್ಲ. ಸತ್ತವರನ್ನು ಹೊಗಳುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಎತ್ತರದ ಒಣಗಿದ ಆಳು, ಕತ್ತಿನವರೆಗೆ ಗುಂಡಿ ಹಾಕಿದ ಕಪ್ಪು ಕೋಟು, ಕಚ್ಚೆಪಂಚೆ, ಬಿಳಿ ರುಮಾಲು, ಮಳೆಯಿರಲಿ ಬಿಸಿಲಿರಲಿ ಕಂಕುಳಲ್ಲಿ ಕೊಡೆ. ಬಿಚ್ಚಿದ್ದನ್ನು ನಾನು ಕಂಡದ್ದು ಅಪರೂಪ. ಯಾರಾದರೂ ದೇವರ ಇಚ್ಛೆ ಹೀಗಂತೆ ಹಾಗಂತೆ ಎಂದರೆ ಸಾಕು, ಆ ಕೊಡೆಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿ, "ದೇವರೇ ಹೇಳಿದನೋ, ನೀವು ಅವನ ಬಾಯಲ್ಲಿ ಹೇಳಿಸಿದಿರೋ?" ಎಂದು ಕೇಳುತ್ತಿದ್ದರು.

ನನಗೂ ಅವರಿಗೂ ಪರಿಚಯವಾದದ್ದೇ ಜಗಳದಿಂದ. ನಾನು ಆಗ ತಾನೇ ಮದ್ದೂರಿನಿಂದ ಮಳವಳ್ಳಿಯ ಮಿಡಲ್ ಸ್ಕೂಲಿಗೆ ವರ್ಗವಾಗಿ ಬಂದಿದ್ದೆ. ತರಗತಿಯಲ್ಲಿ ಏನೋ ಪಾಠ ಮಾಡುತ್ತಾ, "ಹಣೆಬರಹವನ್ನು ಎಲ್ಲ ಮತದವರೂ ನಂಬುತ್ತಾರೆ, ಕ್ರಿಸ್ತಮತದವರೂ ನಂಬುತ್ತಾರೆ" ಎಂದೆ. ಮಾರನೆಯ ದಿನ ಸ್ಕೂಲು ಬಿಡುವ ಹೊತ್ತಿಗೆ ಗೇಟಿನಲ್ಲಿ ಈ ಕೊಡೆಯ ಮನುಷ್ಯ ನಿಂತಿದ್ದರು. ನಮಸ್ಕಾರ ಗಿಮಸ್ಕಾರ ಏನೂ ಇಲ್ಲ.

"ಯಾರ ಹಣೆ ಸ್ವಾಮಿ, ಯಾರ ಬರಹ?" ಎಂದರು. "ನಮ್ಮ ದೇವರು ಮಗು ಹುಟ್ಟೋ ಮೊದಲೇ ಹಣೆ ಮೇಲೆ ಗೀಚಿ ಕಳಿಸೋನಲ್ಲ. ಕರೀತಾನೆ. ಬಂದರೆ ಬಾ, ಬಿಟ್ಟರೆ ಬಿಡು ಅಂತಾನೆ. ಕೊನೆ ಉಸಿರಿನವರೆಗೂ ಬಾಗಿಲು ಹಾಕೋದಿಲ್ಲ. ಗೊತ್ತಿಲ್ಲದ್ದನ್ನ ಮಕ್ಕಳಿಗೆ ಹೇಳಬೇಡಿ."

ನಾನೂ ಸುಮ್ಮನಿರುವ ಪೈಕಿ ಅಲ್ಲ. ಅಲ್ಲೇ ಗೇಟಿನ ಬಳಿ ಶುರುವಾದ ವಾದ ಕೆರೆ ಏರಿಯ ಮೇಲೆ ಮುಂದುವರಿಯಿತು. ಅಂದಿನಿಂದ ವಾರದಲ್ಲಿ ಮೂರು ನಾಲ್ಕು ಸಂಜೆ ಅದೇ ಏರಿ, ಅದೇ ವಾದ. ಅಷ್ಟು ವರ್ಷದಲ್ಲಿ ನಾವಿಬ್ಬರೂ ಒಂದು ವಿಷಯದಲ್ಲೂ ಒಪ್ಪಿದ್ದು ನನಗೆ ನೆನಪಿಲ್ಲ. ಅಂಥ ಸ್ನೇಹಿತರು ನನಗೆ ಮತ್ತೆ ಸಿಗುವುದೂ ಇಲ್ಲ.

ವಾದದಲ್ಲಿ ಸೋತರೆ ಸೋತೆ ಎಂದು ಒಪ್ಪಿಕೊಳ್ಳುವ ಗುಣ ಅವರಲ್ಲಿತ್ತು. ಮಂಡ್ಯದ ಕಡೆಗೆ ಹೊಸ ನಾಲೆ ಬಂದ ಕಾಲ ಅದು. ಒಮ್ಮೆ ಯಲಿಯೂರಿನ ಅರಳಿಕಟ್ಟೆಯಲ್ಲಿ ನಿಂತು, "ದೇವರ ಕೃಪೆ ಅಂದರೆ ಈ ನಾಲೆ ನೀರಿದ್ದ ಹಾಗೆ. ನೀರು ತಾನಾಗಿ ಬಂದಿದೆ, ನೀವು ಸಂಪಾದಿಸಿದ್ದಲ್ಲ. ಆದರೆ ನಿಮ್ಮ ಗದ್ದೆಯ ಮಡೆ ನೀವೇ ತೆಗೀಬೇಕು. ತೆಗೆಯೋದು ಬಿಡೋದು ನಿಮ್ಮ ಇಷ್ಟ" ಎಂದು ಪ್ರಸಂಗ ಮಾಡಿದರಂತೆ. ಗೌಡನೊಬ್ಬ ಎದ್ದು ನಿಂತು, "ಅದೆಲ್ಲ ಸರಿ ಕಣಯ್ಯ. ಮೇಲ್ಗಡೇರೆಲ್ಲ ನೀರು ಕಟ್ಕಂಡ್ರೆ ಕೊನೇ ಗದ್ದೆಯೋನು ಮಡೆ ತೆಗ್ದು ಏನ್ ಮಾಡಾನ? ಅವ್ನೂ ತೆಗ್ದೇ ಕೂತವ್ನೆ, ಒಂದು ತೊಟ್ಟೂ ಬರಾಕಿಲ್ಲ" ಎಂದನಂತೆ. ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರಂತೆ. ಉಪದೇಶಿಗಳು ಇದನ್ನು ನನಗೆ ಹೇಳುವಾಗ ಅವರಿಗೇ ನಗು ತಡೆಯಲಾಗಲಿಲ್ಲ. "ಸರಿಯಾಗಿ ಹಿಡಿದ ಸ್ವಾಮಿ! ನನಗೆ ಉತ್ತರವೇ ಹೊಳೀಲಿಲ್ಲ. ನಿನ್ನ ಹತ್ತಿರ ಕಲಿತೆ ಅಂತ ಕೈಮುಗಿದು ಬಂದೆ" ಎಂದರು. ಏರಿಯ ತುದಿಗೆ ಬಂದಾಗ, "ಕೊನೇ ಗದ್ದೆಯೋನಿಗೆ ನೀರು ಬರದಿದ್ದರೆ ಅದು ನೀರಿನ ತಪ್ಪಲ್ಲ. ನಡುವೆ ಕಟ್ಟಿಕೊಂಡವರ ತಪ್ಪು" ಎಂದರು.

ಇನ್ನು ನನ್ನ ತಾಯಿಯ ವಿಷಯ. ನಮ್ಮದು ಶ್ರೀವೈಷ್ಣವರ ಮನೆ. ಉಪದೇಶಿಗಳು ನಮ್ಮ ಜಗುಲಿಯವರೆಗೆ ಬರುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಅವರು ಎದ್ದುಹೋದ ಮೇಲೆ ನನ್ನ ತಾಯಿ ಆ ಜಗುಲಿಗೆ ನೀರು ಹಾಕಿ ತೊಳೆಯುತ್ತಿದ್ದಳು. ಇದು ಅವರಿಗೂ ಗೊತ್ತಿತ್ತು, ಅವರಿಗೆ ಗೊತ್ತು ಎಂದು ಅವಳಿಗೂ ಗೊತ್ತಿತ್ತು. ಆದರೆ ಅವರು ನಾಲ್ಕು ದಿನ ಕಾಣದಿದ್ದರೆ, "ಏನೋ, ಆ ಉಪದೇಶಿ ಎಲ್ಲಿ ಹಾಳಾದ?" ಎಂದು ಕೇಳುವವಳೂ ಅವಳೇ. ಬಾಗಿಲ ಹಿಂದೆ ಕೂತು ಹೂಬತ್ತಿ ಹೊಸೆಯುತ್ತಾ ನಮ್ಮ ವಾದವನ್ನೆಲ್ಲ ಕೇಳುತ್ತಿದ್ದಳು.

ಒಂದು ದಿನ ಅವಳೇ ಬಾಯಿ ಹಾಕಿದಳು. ನಮ್ಮಲ್ಲಿ ತೆಂಗಲೆ, ವಡಗಲೆ ಎಂದು ಎರಡು ಪಂಗಡ. ದೇವರು ಜೀವವನ್ನು ಉದ್ಧಾರ ಮಾಡುವುದು ಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋದ ಹಾಗೆ, ಮರಿ ಏನೂ ಮಾಡಬೇಕಾಗಿಲ್ಲ ಎಂದು ಒಬ್ಬರು. ಇಲ್ಲ, ಕೋತಿಯ ಮರಿಯ ಹಾಗೆ ಜೀವವೇ ಅವನನ್ನು ಅವಚಿಕೊಂಡಿರಬೇಕು ಎಂದು ಇನ್ನೊಬ್ಬರು. ನಾವು ಬೆಕ್ಕಿನ ಪಂಗಡ. ನನ್ನ ತಾಯಿ ಇದನ್ನೆಲ್ಲ ಅವರಿಗೆ ವಿವರಿಸಿ, "ನಿನ್ನದು ಯಾವುದಯ್ಯಾ, ಬೆಕ್ಕೋ ಕೋತಿಯೋ?" ಎಂದು ಕೇಳಿದಳು.

"ಎತ್ತಿಕೊಳ್ಳೋದು ಅವನ ಕೆಲಸ ಅಮ್ಮಾವ್ರೆ, ಅಷ್ಟರಮಟ್ಟಿಗೆ ಬೆಕ್ಕು" ಎಂದರು ಉಪದೇಶಿಗಳು. "ಆದರೆ ಬೇಡ ಅನ್ನಿಸಿದರೆ ಕೊಸರಿಕೊಂಡು ಇಳಿಯೋ ಸ್ವಾತಂತ್ರ್ಯ ಮರಿಗೆ ಇರಬೇಕು. ಅದೂ ಇಲ್ಲ ಅಂದರೆ ಪ್ರೀತಿ ಎಲ್ಲಿ ಬಂತು, ಬರೀ ಹಿಡಿದುಕೊಂಡು ಹೋಗೋದಾಯ್ತು." ಅವರೂ ಒಂದು ಪ್ರಶ್ನೆ ಕೇಳಿದರು. "ನಿಮ್ಮ ಬೆಕ್ಕು ಒಂದು ಮರೀನ ಒಯ್ದು ಇನ್ನೊಂದನ್ನ ಬಿಟ್ಟು ಹೋಗುತ್ತಾ ಅಮ್ಮಾವ್ರೆ?"

"ಚೆನ್ನಾಗಿ ಕೇಳಿದೆ!" ಎಂದಳು ನನ್ನ ತಾಯಿ. "ಏಳು ಮನೆ ತಿರುಗಿದರೂ ಎಲ್ಲಾ ಮರೀನೂ ಒಯ್ಯುತ್ತೆ. ಒಂದು ಬಿಟ್ಟುಹೋದರೆ ಕಿರುಚಿಕೊಂಡು ವಾಪಸು ಬರುತ್ತೆ. ಬಿಟ್ಟು ಹೋಗೋ ಬೆಕ್ಕನ್ನ ನಾನಂತೂ ಕಾಣೆ."

ಉಪದೇಶಿಗಳು ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ, ಅಷ್ಟು ವರ್ಷ ನನಗೆ ಹೇಳದ ಮಾತನ್ನು ಬಾಗಿಲ ಹಿಂದಿದ್ದ ನನ್ನ ತಾಯಿಗೆ ಹೇಳಿದರು.

ಧಾತು ಈಶ್ವರ ಸಂವತ್ಸರದ ಬರ, ಇವರಿಗೆ ಆಗ ಐದೋ ಆರೋ ವರ್ಷ. ಅಪ್ಪ ಅವ್ವ ಇಬ್ಬರೂ ದಾರಿಯಲ್ಲೇ ಸತ್ತಿದ್ದರು. ಇವರೂ ಇವರ ತಂಗಿಯೂ ಮೈಸೂರು ರಸ್ತೆಯ ಒಂದು ಮರದ ಕೆಳಗೆ ಬಿದ್ದಿದ್ದರು. ಮಿಶನ್ನಿನ ಎತ್ತಿನ ಗಾಡಿ ಬಂತು. ಗಾಡಿಯ ತುಂಬ ಅಂಥವೇ ಮಕ್ಕಳು. ಇಳಿದುಬಂದ ಆಳು ಇವರ ತೋಳು ಹಿಡಿದು ನೋಡಿ ಎತ್ತಿ ಒಳಗೆ ಹಾಕಿದ. ತಂಗಿಯ ತೋಳು ಹಿಡಿದು ನೋಡಿ, ತಲೆ ಅಲ್ಲಾಡಿಸಿ, ಅಲ್ಲೇ ಬಿಟ್ಟ. ಉಳಿಯುವ ಮಕ್ಕಳನ್ನು ಮಾತ್ರ ತರಬೇಕೆಂದು ಅವನಿಗೆ ಅಪ್ಪಣೆಯಾಗಿತ್ತೋ ಏನೋ. "ಅವಳು ಕಣ್ಣು ಬಿಟ್ಟಿದ್ದಳು ಅಮ್ಮಾವ್ರೆ. ನನ್ನನ್ನೇ ನೋಡ್ತಿದ್ದಳು" ಎಂದರು ಉಪದೇಶಿಗಳು.

"ಅನಾಥಾಲಯದಲ್ಲಿ ನನಗೆ ದಿನಾ ಹೇಳೋರು, ದೇವರು ನಿನ್ನನ್ನ ಆರಿಸಿಕೊಂಡ ಅಂತ. ನಾನು ಅವತ್ತಿಂದ ಹೇಳ್ತಾ ಬಂದಿದ್ದೀನಿ, ದೇವರಲ್ಲ, ಗಾಡಿಯೋನು. ದೇವರಾಗಿದ್ದರೆ ಇಬ್ಬರನ್ನೂ ಎತ್ತುತ್ತಿದ್ದ. ಆರಿಸೋದು ಮನುಷ್ಯನ ಚಾಳಿ, ಅವನ ಗಾಡಿ ಚಿಕ್ಕದು. ದೇವರಿಗೆ ಏನು ದಾಡಿ?"

ನನ್ನ ತಾಯಿ ಅಭ್ಯಾಸಬಲದಿಂದ, "ಪಾಪ, ಅದರ ಪೂರ್ವಕರ್ಮ ಏನಿತ್ತೋ" ಎಂದಳು. ಉಪದೇಶಿಗಳು ಸರಕ್ಕನೆ ಎದ್ದು ನಿಂತರು. "ಮೂರು ವರ್ಷದ ಕೂಸು ಏನು ಮಾಡಿತ್ತಮ್ಮಾ? ಅಲ್ಲಿ ದೊರೆಗಳು ಆಯ್ಕೆ ಅಂತಾರೆ, ಇಲ್ಲಿ ನೀವು ಕರ್ಮ ಅಂತೀರಿ. ಒಟ್ಟಿನಲ್ಲಿ ಎಲ್ಲರೂ ಸೇರಿ ಆ ಕೂಸಿನ ಮೇಲೇ ಹೊರಿಸಿಬಿಡ್ತೀರಿ" ಎಂದು ಹೊರಟೇ ಹೋದರು. ಅಂದು ನನ್ನ ತಾಯಿ ಜಗುಲಿ ತೊಳೆಯುವುದನ್ನು ಮರೆತಳು. ಮರೆತಳೋ ಬಿಟ್ಟಳೋ, ನಾನು ಕೇಳಲಿಲ್ಲ.

ಈಗ ಹೊಸ ದೊರೆಗಳ ಕಥೆಗೆ ಬರುತ್ತೇನೆ. ಹಳೆಯ ಪಾದ್ರಿ ಊರಿಗೆ ಹೋದ ಮೇಲೆ ಒಬ್ಬ ಎಳೆಯ ಪಾದ್ರಿ ಬಂದರು. ಬಿಸಿಲಿಗೆ ಕೆಂಪಾದ ಕತ್ತು, ನೀಲಿ ಕಣ್ಣು, ಬೈಸಿಕಲ್ಲು ತುಳಿದುಕೊಂಡೇ ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಇಷ್ಟು ಬರೆಯುವ ಕಷ್ಟವೇ ಇರಲಿಲ್ಲ. ಆದರೆ ಇವರು ಕಲಿತ ಮಠ ಬೇರೆ. "ನಿಮ್ಮಲ್ಲಿ ತೆಂಗಲೆ ವಡಗಲೆ ಇದ್ದ ಹಾಗೆ ನಮ್ಮಲ್ಲೂ ಉಂಟು ಸ್ವಾಮಿ" ಎಂದು ಉಪದೇಶಿಗಳು ಮೊದಲಿಗೆ ನಗುತ್ತಲೇ ಹೇಳಿದರು. ಜಗತ್ತು ಹುಟ್ಟುವ ಮೊದಲೇ ದೇವರು ಇಂಥವರಿಗೆ ರಕ್ಷಣೆ, ಇಂಥವರಿಗಿಲ್ಲ ಎಂದು ಗೊತ್ತುಮಾಡಿಟ್ಟಿದ್ದಾನೆ, ಮನುಷ್ಯ ಏನು ಮಾಡಿದರೂ ಅದು ಬದಲಾಗುವುದಿಲ್ಲ ಎಂಬುದು ಹೊಸ ದೊರೆಗಳ ಸಿದ್ಧಾಂತ. ಕೆಲವು ತಿಂಗಳು ಅವರ ಪ್ರಸಂಗಗಳಲ್ಲಿ ಅದು ಅಲ್ಲಲ್ಲಿ ಇಣುಕಿತು, ಉಪದೇಶಿಗಳು ಹಲ್ಲು ಕಚ್ಚಿಕೊಂಡು ಕನ್ನಡ ಮಾಡಿದರು. ಬರಬರುತ್ತಾ ಅವರ ನಗು ನಿಂತುಹೋಯಿತು.

ಸುಗ್ಗಿ ಆರಾಧನೆಯ ದಿನ ಅದು ಒಡೆಯಿತು. ಕೊಯ್ಲು ಮುಗಿದ ಮೇಲೆ ಕ್ರೈಸ್ತರು ಬೆಳೆದದ್ದರಲ್ಲಿ ಒಂದಷ್ಟನ್ನು ಚರ್ಚಿಗೆ ತಂದು ಒಪ್ಪಿಸುತ್ತಾರೆ. ರಾಗಿ, ಅವರೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ಪ್ರಾರ್ಥನೆ ಆದ ಮೇಲೆ ಅವನ್ನೆಲ್ಲ ಹರಾಜು ಹಾಕುತ್ತಾರೆ. ಊರಿನ ನೌಕರರನ್ನೂ ಕರೆಯುತ್ತಾರೆ. ಹಸಿ ಕುಂಬಳಕಾಯಿಗೆ ಜಾತಿ ಇಲ್ಲ ಎಂದು ನನ್ನ ತಾಯಿಯೇ ತೀರ್ಪು ಕೊಟ್ಟಿದ್ದರಿಂದ ನಾನು ಪ್ರತಿ ವರ್ಷ ಹೋಗುತ್ತಿದ್ದೆ. ಅಂದೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ನನ್ನ ಮುಂದೆ ನೆಲದ ಮೇಲೆ ಊರಾಚೆಯ ಕೇರಿಯ ಒಬ್ಬ ಮುದುಕ ಕೂತಿದ್ದ. ಆ ವರ್ಷವೇ ದೀಕ್ಷಾಸ್ನಾನ ಪಡೆದವನು. ಅವನ ಹೆಂಡತಿಯೂ ಅವನ ಜೊತೆ ದೀಕ್ಷೆ ಪಡೆಯಬೇಕೆಂದಿದ್ದವಳು, ಅದಕ್ಕೆ ಮುಂಚೆಯೇ ಜ್ವರ ಬಂದು ಸತ್ತುಹೋದಳು. ಅವಳು ಎಲ್ಲಿದ್ದಾಳೆ, ದೇವರ ಹತ್ತಿರ ಇದ್ದಾಳೋ ಇಲ್ಲವೋ ಎಂದು ಅವನು ಕಂಡಕಂಡವರನ್ನೆಲ್ಲ ಕೇಳುತ್ತಿದ್ದ. ಯಾರೋ ದೊರೆಗಳನ್ನೂ ಕೇಳಿದ್ದರು. ಅದಕ್ಕೇ ಇರಬೇಕು, ದೊರೆಗಳು ಅಂದು ಆ ವಿಷಯವನ್ನೇ ಎತ್ತಿಕೊಂಡರು.

ದೊರೆ ಒಂದು ಮಾತು, ಉಪದೇಶಿ ಒಂದು ಮಾತು. "ಜಗತ್ತು ಉಂಟಾಗುವ ಮೊದಲೇ ದೇವರು ತನ್ನವರನ್ನು ಆರಿಸಿಕೊಂಡನು" ಎಂಬಲ್ಲಿಯವರೆಗೆ ಬಂತು. ಆಮೇಲೆ ದೊರೆಗಳು ಒಂದು ಮಾತು ಹೇಳಿದರು. ಉಪದೇಶಿಗಳು ಅಂದು ಕನ್ನಡದಲ್ಲಿ ಹೇಳದ ಅದನ್ನು ನಾನಿಲ್ಲಿ ಬರೆಯಲೇಬೇಕಾಗಿದೆ, ಇಲ್ಲದಿದ್ದರೆ ಓದುವವರಿಗೆ ತಿಳಿಯುವುದಿಲ್ಲ. "ಉಳಿದವರನ್ನು ದೇವರು ಬಿಟ್ಟು ಮುಂದೆ ಹೋದನು. ಅವರಿಗಾಗಿ ಕ್ರಿಸ್ತನು ಸಾಯಲಿಲ್ಲ. ಅವರಿಗಾಗಿ ಅಳುವುದು ದೇವರ ತೀರ್ಪಿನ ಮೇಲೆ ದೂರು ಹೇಳಿದಂತೆ." ಇಷ್ಟೇ.

ಉಪದೇಶಿಗಳು ಬಾಯಿ ತೆರೆಯಲಿಲ್ಲ. ಕೇಳಿಸಲಿಲ್ಲವೇನೋ ಎಂದು ದೊರೆಗಳು ಅದನ್ನೇ ಮತ್ತೊಮ್ಮೆ, ಬಿಡಿಸಿ ಬಿಡಿಸಿ ಹೇಳಿದರು. ಆಗಲೂ ಇಲ್ಲ. ಕಾಲು ಕಟ್ಟಿದ ಕೋಳಿಯೊಂದು ರೆಕ್ಕೆ ಬಡಿದುಕೊಂಡಿತು. ನೆಲದಲ್ಲಿ ಕೂತಿದ್ದ ಮುದುಕ ಕತ್ತೆತ್ತಿ ಕೇಳಿದ.

"ಏನಂದ್ರು ದೊರೆ? ಯೋಳಿ ಉಪದೇಸಿ. ನಮ್ಮೋಳ್ ಇಸ್ಯ ಏನಾರ ಅಂದ್ರಾ?"

"ದೊರೆಗಳು ಒಂದು ಮಾತು ಹೇಳಿದರು" ಎಂದರು ಉಪದೇಶಿಗಳು. "ಅದನ್ನ ನಾನು ಕನ್ನಡದಲ್ಲಿ ಹೇಳೋದಿಲ್ಲ. ಅವರ ಭಾಷೆಯಲ್ಲಿ ಅವರು ಹೇಳಿಕೊಳ್ಳಲಿ. ನನ್ನ ಬಾಯಿಂದ ಅದು ಹೊರಡೋದಿಲ್ಲ. ನಿನ್ನ ಹೆಂಡತಿಗಾಗಿ ಅಳಬೇಕು ಅನ್ನಿಸಿದರೆ ಅಳಪ್ಪಾ, ಯಾರ ಅಪ್ಪಣೇನೂ ಬೇಕಾಗಿಲ್ಲ. ದೇವರೇ ಅಳ್ತಿರ್ತಾನೆ." ಆಮೇಲೆ ದೊರೆಗಳ ಕಡೆ ತಿರುಗಿ ಇಂಗ್ಲಿಷಿನಲ್ಲಿ, ತಾನು ಏನು ಹೇಳಿದೆನೆಂಬುದನ್ನು ಚಾಚೂ ತಪ್ಪದೆ ಹೇಳಿದರು. ಅದೊಂದು ಅವರ ಹಟ. ಕದ್ದು ಮುಚ್ಚಿ ಏನೂ ಮಾಡುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ದೊರೆಗೆ ತಿಳಿಯದ ಹಾಗೆ ಕನ್ನಡದಲ್ಲಿ ಇನ್ನೇನೋ ಹೇಳಿ ಸಾಗಹಾಕುತ್ತಿದ್ದರು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುದುಕ ಮಾತ್ರ ಹೆಗಲ ಮೇಲಿನ ಟವಲು ಬಾಯಿಗೆ ಒತ್ತಿಕೊಂಡು ಗಳಗಳನೆ ಅಳತೊಡಗಿದ. ಆ ವರ್ಷ ಹರಾಜು ನಡೆಯಲಿಲ್ಲ.

ಮೈಸೂರಿನಿಂದ ಮಿಶನ್ನಿನ ಮೂವರು ದೊಡ್ಡವರು ವಿಚಾರಣೆಗೆ ಬಂದರು. ಚರ್ಚಿನ ಜಗುಲಿಯಲ್ಲಿ ಬೆಂಚು ಹಾಕಿ ಕೂತರು. ಊರಿನವರೆಲ್ಲ ಬೇಲಿಯ ಆಚೆ ನಿಂತು ಕೇಳುತ್ತಿದ್ದರು. ನಾನೂ ನಿಂತಿದ್ದೆ, ಯಾರು ಬೇಡ ಎನ್ನುತ್ತಾರೋ ನೋಡೋಣ ಎಂದುಕೊಂಡು ಮುಂದೆಯೇ ನಿಂತಿದ್ದೆ.

"ಅನುವಾದ ಮಾಡುವವನಿಗೆ ಸ್ವಂತ ಅಭಿಪ್ರಾಯ ಏತಕ್ಕೆ?" ಎಂದು ಒಬ್ಬರು ಕೇಳಿದರು. "ನೀರು ಹರಿಯುವ ಕೊಳಾಯಿ ಅಭಿಪ್ರಾಯ ಕೊಡುತ್ತದೆಯೇ?"

"ಕೊಳಾಯಿಗೆ ರಕ್ಷಣೆ ಬೇಕಾಗಿಲ್ಲ ಸ್ವಾಮಿ. ನನಗೆ ಬೇಕು" ಎಂದರು ಉಪದೇಶಿಗಳು. "ನನ್ನ ಬಾಯಿಂದ ಬಂದದ್ದಕ್ಕೆ ನಾಳೆ ನಾನೇ ಜವಾಬು ಕೊಡಬೇಕು. ದೊರೆ ಹೇಳಿಸಿದರು ಅಂದರೆ ಅಲ್ಲಿ ಕೇಳೋರಿಲ್ಲ."

"ದೇವರು ಗೊತ್ತುಮಾಡಿದ್ದನ್ನು ಪ್ರಶ್ನಿಸಲು ನೀನು ಯಾರು?"

"ಎಲ್ಲಾನೂ ಮೊದಲೇ ಗೊತ್ತುಮಾಡಿದ್ದಾನೆ ಅಂತೀರಿ. ಹಾಗಿದ್ದರೆ ನಾನು ಒಲ್ಲೆ ಅಂದದ್ದೂ ಅವನು ಗೊತ್ತುಮಾಡಿದ್ದೇ ಆಯ್ತಲ್ಲ? ಅವನ ಕೆಲಸಕ್ಕೆ ನನ್ನನ್ನ ಯಾಕೆ ವಿಚಾರಣೆ ಮಾಡ್ತೀರಿ? ಇಲ್ಲ, ಅದು ನಾನೇ ಮಾಡಿದ್ದು ಅನ್ನೋದಾದರೆ, ಮನುಷ್ಯನಿಗೆ ಸ್ವಂತ ಇಚ್ಛೆ ಇದೆ ಅಂತ ನೀವೇ ಒಪ್ಪಿದ ಹಾಗಾಯ್ತು. ಯಾವುದು ಬೇಕೋ ಆರಿಸಿಕೊಳ್ಳಿ."

ಮೂವರಲ್ಲಿ ಒಬ್ಬರಿಗೆ ನಗು ಬಂದು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಉಪದೇಶಿಗಳು ಅಲ್ಲಿಗೇ ಬಿಟ್ಟಿದ್ದರೆ ಒಳ್ಳೆಯದಿತ್ತೋ ಏನೋ. ಬಿಡಲಿಲ್ಲ. ಅಯ್ಯಂಗಾರರ ಮನೆಯ ಒಬ್ಬ ಮುದುಕಿಗೆ ಗೊತ್ತಿರುವಷ್ಟು ದೇವರು ನಿಮಗೆ ಗೊತ್ತಿಲ್ಲ ಎಂದು ಹೇಳಿ, ಬೆಕ್ಕು ಮರಿಗಳನ್ನೆಲ್ಲ ಒಯ್ಯುವ ವಿಷಯವನ್ನು ಅವರಿಗೆ ಒಪ್ಪಿಸಿದರು. ಕೆಮ್ಮಿದವರ ಮುಖವೂ ಬಿಗಿದುಕೊಂಡಿತು. ಮನೆಗೆ ಬಂದು ಇದನ್ನು ಹೇಳಿದರೆ ನನ್ನ ತಾಯಿ, "ಅಯ್ಯೋ, ನನ್ನನ್ನ ಯಾಕೋ ಅಲ್ಲಿಗೆ ಎಳೆದ, ಮುಂಡೇದು!" ಎಂದು ಬೈದಳು. ಬೈಯುವಾಗ ಅವಳ ಮುಖದಲ್ಲಿ ಕಂಡ ಸಂತೋಷ ನಾನು ಬೇರೆ ಯಾವ ಹಬ್ಬದಲ್ಲೂ ಕಂಡಿಲ್ಲ.

ಕೊನೆಗೆ ತೀರ್ಪಾಯಿತು. ಬರುವ ಭಾನುವಾರ ದೊರೆಗಳು ಆ ಮಾತನ್ನು ಇನ್ನೊಮ್ಮೆ ಹೇಳುತ್ತಾರೆ. ಉಪದೇಶಿ ಸಭೆಯ ಮುಂದೆ ನಿಂತು ಅದನ್ನು ಕನ್ನಡದಲ್ಲಿ ಹೇಳಬೇಕು. ಹೇಳಿದರೆ ಆದದ್ದೆಲ್ಲ ಮರೆತ ಹಾಗೆ. ಇಲ್ಲದಿದ್ದರೆ ಕೆಲಸವೂ ಇಲ್ಲ, ಇರುವ ಮನೆಯೂ ಇಲ್ಲ, ಇನ್ನು ಮೇಲೆ ಎಲ್ಲೂ ಪ್ರಸಂಗ ಮಾಡುವ ಹಾಗಿಲ್ಲ. ಮುಪ್ಪಿನಲ್ಲಿ, ಹೆಂಡತಿ ಮಕ್ಕಳಿಲ್ಲದ ಮನುಷ್ಯನಿಗೆ ಇದು ಸಣ್ಣ ಮಾತಲ್ಲ. ಹೇಳಿದರೆ ತಂಗಿಯನ್ನು ಮತ್ತೊಮ್ಮೆ ರಸ್ತೆಯಲ್ಲಿ ಬಿಟ್ಟುಬಂದ ಹಾಗೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಏನು ಸಲಹೆ ಕೊಡಲಿ? ನನ್ನ ತಾಯಿಯೇ ಕೊಟ್ಟಳು. "ಹೇಳಕೂಡದು ಅಂತ ಅವನಿಗೆ ಹೇಳು" ಎಂದಳು.

ಭಾನುವಾರ ಚರ್ಚು ತುಂಬಿತ್ತು. ಜಲಪಾತದ ಬಳಿಯ ಬ್ಲಫಿನ ಕರೆಂಟು ಮನೆಯಲ್ಲಿ ಕೆಲಸ ಮಾಡುವ ಕ್ರೈಸ್ತರು ಕೂಡ ಬಂದಿದ್ದರು. ದೊರೆಗಳು ಆ ಮಾತು ಹೇಳಿದರು. ಉಪದೇಶಿಗಳು ಸೊಂಟದಿಂದ ಚರ್ಚಿನ ಬೀಗದ ಕೈ ಬಿಚ್ಚಿ ಮೇಜಿನ ಮೇಲೆ ಇಟ್ಟರು.

"ಒಲ್ಲೆ" ಎಂದರು. "ದೇವರು ನನಗೆ ಸ್ವಂತಕ್ಕೆ ಅಂತ ಕೊಟ್ಟಿರೋದು ಇದೊಂದೇ ಮಾತು. ಇದನ್ನೂ ನಿಮಗೆ ಕೊಟ್ಟರೆ ನನ್ನ ಹತ್ತಿರ ಏನೂ ಉಳಿಯೋದಿಲ್ಲ." ಕೊಡೆಯನ್ನು ಕಂಕುಳಿಗೆ ಸೇರಿಸಿ ನಡುವಿನ ದಾರಿಯಲ್ಲಿ ನಡೆದು ಹೊರಗೆ ಹೋದರು. ಗಂಜಿಗೆ ಮತ ಬಿಟ್ಟವನು ಎಂದು ಆಡಿಕೊಳ್ಳುವ ಬಾಯಿಗಳೇ, ಈ ಮನುಷ್ಯ ಗಂಜಿಯನ್ನೇ ಬಿಟ್ಟು ಎದ್ದುಹೋದ ದಿನ ನೀವೆಲ್ಲ ಎಲ್ಲಿದ್ದಿರಿ?

ಅವರಿಗೆ ಜಾಗ ಕೊಟ್ಟವನು ಆ ಮುದುಕ. ತನ್ನ ಗುಡಿಸಿಲಿಗೆ ಒತ್ತಿಕೊಂಡಂತೆ ಒಂದು ಸೋಗೆಯ ಮಾಡು ಇಳಿಸಿಕೊಟ್ಟ. ಅಲ್ಲಿ ಅವರು ವರ್ಷದ ಮೇಲೆ ಇದ್ದರು. ಪ್ರಸಂಗ ಮಾಡಕೂಡದೆಂದು ಕಟ್ಟಪ್ಪಣೆಯಾಗಿದ್ದರಿಂದ ಪ್ರಸಂಗ ಮಾಡಲಿಲ್ಲ, ಬಂದವರ ಹತ್ತಿರ ಮಾತಾಡಿದರು. ಬರುವವರು ಹೆಚ್ಚಾದರು. ಕೆರೆ ಏರಿಯ ವಾದ ಮಾತ್ರ ನಿಲ್ಲಲಿಲ್ಲ. ಮಿಶನ್ನಿನವರನ್ನು ನಾನು ಬೈದರೆ ನನ್ನ ಮೇಲೇ ರೇಗುತ್ತಿದ್ದರು. "ಆ ಗಾಡಿ ಬರದಿದ್ದರೆ ನಾನೂ ಇರ್ತಿರಲಿಲ್ಲ. ಬಂದದ್ದನ್ನ ಮರೀಬೇಡಿ" ಎನ್ನುತ್ತಿದ್ದರು.

ಈ ಸಲದ ಚಳಿಜ್ವರ ಅವರನ್ನು ಹಿಡಿದದ್ದು ಬಿಡಲಿಲ್ಲ. ಕೊಟ್ಟ ಕ್ವಿನೈನೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಮುದುಕ ಸ್ಕೂಲಿನ ಬಾಗಿಲಿಗೆ ಓಡಿಬಂದ.

"ಮೇಷ್ಟ್ರೆ, ಅಯ್ಯ ಉಳಿಯಾಕಿಲ್ಲ ಕಣ್ರೀ. ನಿಮ್ಮನ್ನ ಕೇಳ್ತಾವ್ರೆ."

ಅಗ್ರಹಾರದವರು ಕೇರಿಗೆ ಕಾಲಿಡುವುದೆಂದರೆ ಇಲ್ಲಿ ಏನು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಮುಂದೆ ಹಾದುಹೋಗುವಾಗ ನನ್ನ ತಾಯಿ ಬಾಗಿಲಲ್ಲಿ ನಿಂತಿದ್ದಳು. ಸುದ್ದಿ ಅವಳಿಗೂ ತಲುಪಿತ್ತು. "ಹೋಗಿ ಬಾ" ಎಂದಳು. "ಬಂದ ಮೇಲೆ ಹಿತ್ತಲಲ್ಲಿ ಸ್ನಾನ ಮಾಡು, ಇಲ್ಲದಿದ್ದರೆ ಒಳಗೆ ಸೇರಿಸಲ್ಲ. ಆದರೆ ಹೋಗು, ನಿಲ್ಲಬೇಡ." ಬೀದಿಯ ಇಬ್ಬರು ಮೂವರು ನಿಂತು ನೋಡಿದರು. ನೋಡಲಿ ಎಂದು ನಾನು ರಸ್ತೆಯ ನಡುವೆಯೇ ನಡೆದೆ.

ದೊರೆಗಳ ಬೈಸಿಕಲ್ಲು ಗುಡಿಸಿಲಿಗೆ ಒರಗಿಸಿತ್ತು. ಒಳಗೆ ಚಾಪೆಯ ಪಕ್ಕದಲ್ಲಿ, ಸರಿಯಾಗಿ ಕೂರಲು ಬಾರದೆ ಮೊಣಕಾಲು ಮಡಚಿಕೊಂಡು ಆ ಎಳೆಯ ಪಾದ್ರಿ ಕೂತಿದ್ದರು. ಯಾರೂ ಕರೆದಿರಲಿಲ್ಲ, ಕೇಳಿ ತಾವೇ ಬಂದಿದ್ದರು. ಉಪದೇಶಿಗಳು ಎಲುಬು ಚರ್ಮವಾಗಿದ್ದರು. ರುಮಾಲಿಲ್ಲದ ತಲೆ ಸಣ್ಣದಾಗಿ ಕಂಡಿತು.

"ನಿಮಗೆ ಸಮಾಧಾನ ಉಂಟೋ?" ಎಂದು ದೊರೆಗಳು ತಮಗೆ ಬರುವ ಕನ್ನಡದಲ್ಲಿ ಕೇಳಿದರು.

ಉಪದೇಶಿಗಳು ಉತ್ತರ ಕೊಟ್ಟರು. ಮಿಶನ್ನಿನವರು ಕಲಿಸಿದ ಕನ್ನಡವೆಲ್ಲ ಆ ಜ್ವರದಲ್ಲಿ ಹೊರಟುಹೋಗಿತ್ತು. ಮರದ ಕೆಳಗೆ ಬಿದ್ದಿದ್ದ ಹುಡುಗನ ಮಾತು ಅದು. ದೊರೆಗಳಿಗೆ ಒಂದಕ್ಷರವೂ ಅರ್ಥವಾಗಲಿಲ್ಲ.

"ನನ್ ತಂಗಿ ಒಳೀಕಿದ್ರೆ ನಾನೂ ಒಳೀಕ್ ಬತ್ತೀನಿ. ಅವಳ್ನ ಆಚೆಗ್ ಬುಟ್ಟಿದ್ರೆ ನಾನೂ ಆಚೇನೇ ಕೂತ್ಕತ್ತೀನಿ. ಅಂಗಂತ ಅವ್ನ ಮಕದ್ ಮುಂದೇನೇ ಯೋಳ್ತೀನಿ."

ಏನೆಂದರು ಎಂದು ದೊರೆಗಳು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ನಾನು ಒಂದು ಕೂದಲೂ ಕಡಿಮೆ ಮಾಡದೆ ಅಷ್ಟನ್ನೂ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಈ ಮಾತನ್ನು ಬಾಯಲ್ಲಿಟ್ಟುಕೊಂಡು ಇವರು ದೇವರ ಮುಂದೆ ಹೋಗಬಾರದು, ಇದು ದೇವರ ಮೇಲಿನ ದಂಗೆ, ಯಾರನ್ನು ಆರಿಸಬೇಕೆಂಬುದು ಅವನ ಹಕ್ಕು ಎಂದು ದಯವಿಟ್ಟು ಇವರಿಗೆ ತಿಳಿಸಿ ಎಂದರು. ಅವರ ಕಣ್ಣಲ್ಲಿ ನಿಜವಾದ ಭಯವಿತ್ತು. ಉಪದೇಶಿಗಳು ನರಕಕ್ಕೆ ಹೋಗುತ್ತಾರಲ್ಲ ಎಂಬ ಭಯ.

"ನಾನು ಹೇಳುವುದಿಲ್ಲ" ಎಂದೆ. "ನೀವೇ ಹೇಳಿ. ಇಷ್ಟು ದಿನ ಕನ್ನಡ ಕಲಿತಿದ್ದೀರಿ. ಆ ಮಾತಿಗೆ ಬೇಕಾದ ಪದಗಳೆಲ್ಲ ನಿಮಗೆ ಗೊತ್ತು."

ದೊರೆಗಳು ನನ್ನನ್ನು ನೋಡಿದರು. ಆಮೇಲೆ ಬಗ್ಗಿ, ಉಪದೇಶಿಗಳ ಮುಖದ ಹತ್ತಿರ ಮುಖ ತಂದು, "ದೇವರು ಆರಿಸಿ..." ಎಂದರು. ಅಲ್ಲಿಗೇ ನಿಂತರು. ಮತ್ತೆ, "ದೇವರು..." ಎಂದರು. ಉಪದೇಶಿಗಳು ರೆಪ್ಪೆ ಹೊಡೆಯದೆ ಅವರನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ಮುದುಕ ನಿಂತಿದ್ದ. ನಾನು, ಹೇಳಿಬಿಟ್ಟರೆ ಈ ಮನುಷ್ಯನ ಕುತ್ತಿಗೆಪಟ್ಟಿ ಹಿಡಿದು ಆಚೆಗೆ ನೂಕುತ್ತೇನೆ ಎಂದುಕೊಳ್ಳುತ್ತಿದ್ದೆ.

ದೊರೆಗಳು ಆ ಮಾತು ಬಿಟ್ಟು, "ತಂಗಿಯ ಹೆಸರು ಏನು?" ಎಂದು ಕೇಳಿದರು.

ಉಪದೇಶಿಗಳು, "ಕೆಂಪಿ" ಎಂದರು.

ದೊರೆಗಳು ಮಣ್ಣಿನ ನೆಲದಲ್ಲಿ ಮೊಣಕಾಲೂರಿದರು. ಸತ್ತವರಿಗಾಗಿ ಪ್ರಾರ್ಥಿಸುವುದು ಅವರ ಮತದಲ್ಲಿಲ್ಲ. ದೀಕ್ಷೆಯಿಲ್ಲದೆ ಸತ್ತವರಿಗಾಗಿಯಂತೂ ಇಲ್ಲವೇ ಇಲ್ಲ. ಅದು ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಕಣ್ಣು ಮುಚ್ಚಿ, ಯಾರಾದರೂ ಕೇಳಿಸಿಕೊಂಡಾರೋ ಎಂಬಂತೆ ತೀರ ಮೆಲ್ಲಗೆ, "ಕರ್ತನೇ, ಕೆಂಪಿ... ಕೆಂಪಿಯನ್ನು..." ಎಂದರು.

"ಮೆಲ್ಲಗ್ ಯಾಕೆ ದೊರೆ?" ಎಂದರು ಉಪದೇಶಿಗಳು. "ಜೋರಾಗಿ ಯೋಳಿ."

ದೊರೆಗಳು ಜೋರಾಗಿ ಹೇಳಿದರು.